ಮಂಗಳಾರತಿ ಆಗುವವರೆಗೆ ಮಕ್ಕಳು ಎಲ್ಲಿ? – ಭಜನಾ ಮಂದಿರದ ಸ್ವಯಂಸೇವಕರಿಗೆ

ನಮ್ಮ ಮಂದಿರದ ಏಕಾಹ ಭಜನೆಯ ರಾತ್ರಿ, ಅಂದರೆ ಒಂದು ಹಗಲು ಒಂದು ರಾತ್ರಿ ನಿಲ್ಲಿಸದೆ ಹಾಡುವ ಭಜನೆ. ಹತ್ತೂವರೆ ಆಗಿರಬಹುದು. ಮೂರು ವರ್ಷದ ಒಬ್ಬ ಹುಡುಗ ಕಾಣಿಸಲಿಲ್ಲ. ಒಳಗೆ ತಾಳ, ಹಾರ್ಮೋನಿಯಂ. ಹೊರಗೆ ಟಾರ್ಚ್ ಹಿಡಿದು ಓಡುವ ಗಂಡಸರು. ಇಪ್ಪತ್ತು ನಿಮಿಷದ ಮೇಲೆ ಉಗ್ರಾಣದಲ್ಲಿ ಸಿಕ್ಕಿದ. ಎರಡು ಅಕ್ಕಿ ಗೋಣಿಗಳ ನಡುವೆ ಮುದುಡಿ ಮಲಗಿದ್ದ, ಮುಷ್ಟಿಯಲ್ಲಿ ಪ್ರಸಾದದ ಅವಲಕ್ಕಿ ಹಾಗೇ ಇತ್ತು.

ಆಮೇಲೆ ವಿಚಾರಿಸಿದೆವು. ಅಜ್ಜಿ ಅಂದುಕೊಂಡದ್ದು ಮಗು ಚಿಕ್ಕಮ್ಮನ ಹತ್ತಿರ ಇದೆ ಅಂತ. ಚಿಕ್ಕಮ್ಮ ಅಂದುಕೊಂಡದ್ದು ನಾನು ನೋಡ್ತಾ ಇದ್ದೇನೆ ಅಂತ. ನಾನು ಮುಂದಿನ ಪಾಳಿಯ ಭಜನಾ ತಂಡಕ್ಕೆ ಚಹಾ ಹಂಚುತ್ತಿದ್ದೆ. ಯಾರೂ ಸುಳ್ಳು ಹೇಳಲಿಲ್ಲ. 'ಇವತ್ತು ಮಕ್ಕಳನ್ನು ನೋಡುವುದು ನೀನು' ಅಂತ ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಮರುವಾರ ಮಹಿಳಾ ಸಮಿತಿ ಕೂತು ಒಂದು ಪದ್ಧತಿ ಮಾಡಿಕೊಂಡೆವು. ಆಮೇಲೆ ತಪ್ಪುತ್ತಾ, ತಿದ್ದುತ್ತಾ ಬಂದಿದ್ದೇವೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಬೇರೆ ಮಂದಿರದವರೂ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಭಾನುವಾರದ ಪೂಜೆ ಹೊತ್ತಿಗೆ ಮಕ್ಕಳನ್ನು ನೋಡುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಚೀಟಿಯ ಉಪಾಯ ನನಗೆ ಸಿಕ್ಕಿದ್ದೇ ಅಂಥ ಒಬ್ಬ ಗೆಳತಿಯಿಂದ.

ಮೊದಲು ಜನ

ಮಕ್ಕಳನ್ನು ನೋಡುವವರು ಆ ಹೊತ್ತು ಭಜನೆಗೆ ಬಂದವರಲ್ಲ. ಇದನ್ನು ಒಪ್ಪಿಸುವುದೇ ಕಷ್ಟ. 'ಒಂದು ಹಾಡು ಹೇಳಿ ಬರ್ತೇನೆ ಅಕ್ಕ' ಅಂತ ಎದ್ದು ಹೋದರೆ ಅಲ್ಲಿಗೆ ಕತೆ ಮುಗಿಯಿತು. ಹಾಡುವ ಆಸೆ ಇದ್ದವರನ್ನು ಆ ವಾರ ಹಾಕಬೇಡಿ. ಪ್ರಸಾದ ಹಂಚುವವರನ್ನು, ಊಟದ ಉಸ್ತುವಾರಿಯವರನ್ನು, ಫೋಟೊ ತೆಗೆಯುವವರನ್ನೂ ಹಾಕಬೇಡಿ. ಮಕ್ಕಳದ್ದು ಒಂದೇ ಕೆಲಸ. ಒಂದು ಗಂಟೆಗೊಮ್ಮೆ ಪಾಳಿ ಬದಲಿಸಿ. ಅದಕ್ಕಿಂತ ಜಾಸ್ತಿ ಹೊತ್ತು ಯಾರ ಕಣ್ಣೂ ಚುರುಕಾಗಿ ಇರುವುದಿಲ್ಲ.

ಯಾವಾಗಲೂ ಇಬ್ಬರು ಇರಬೇಕು. ಒಂದೇ ಮನೆಯ ಇಬ್ಬರು ಬೇಡ. ಗಂಡ ಹೆಂಡತಿ, ಅಕ್ಕ ತಂಗಿ ಸೇರಿ ನಿಂತರೆ ಲೆಕ್ಕಕ್ಕೆ ಒಬ್ಬರೇ ಅಂತ ಇಟ್ಟುಕೊಳ್ಳಿ. ಪ್ಲಸ್ ಟು ಓದುವ ಹುಡುಗ ಹುಡುಗಿಯರು ಸಹಾಯಕ್ಕೆ ಬರಲಿ, ಮಕ್ಕಳಿಗೂ ಅವರೇ ಇಷ್ಟ. ಆದರೆ ಅವರೂ ಹದಿನೆಂಟು ತುಂಬದವರು. ದೊಡ್ಡವರ ಲೆಕ್ಕಕ್ಕೆ ಸೇರಿಸಬೇಡಿ.

ನಮ್ಮ ಲೆಕ್ಕ ಹೀಗೆ: ಮೂರು ವರ್ಷದ ಒಳಗಿನ ಮಕ್ಕಳನ್ನು ನಾವು ತೆಗೆದುಕೊಳ್ಳುವುದಿಲ್ಲ, ಅಮ್ಮನೋ ಅಜ್ಜಿಯೋ ಜತೆಗೇ ಕೂರಬೇಕು. ಮೂರರಿಂದ ಎಂಟರವರೆಗೆ ಆರು ಮಕ್ಕಳಿಗೆ ಒಬ್ಬರು. ಅದಕ್ಕೆ ಮೇಲಿನವರು ಹತ್ತು ಮಂದಿಗೆ ಒಬ್ಬರು. ಜನ ಸಾಕಾಗದಿದ್ದರೆ ಮಕ್ಕಳನ್ನು ಕಡಿಮೆ ಮಾಡಿ, ನೋಡುವವರ ಲೆಕ್ಕ ಇಳಿಸಬೇಡಿ. 'ಇವತ್ತು ಆಗೋದಿಲ್ಲ, ಜತೆಗೇ ಕೂರಿಸಿಕೊಳ್ಳಿ' ಅಂತ ಹೇಳಲು ನಾಚಿಕೆ ಯಾಕೆ?

ಯಾರನ್ನು ಸೇರಿಸಬೇಕು? ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಇರುವವರು, ನಿವೃತ್ತ ಮಾಷ್ಟ್ರು ಇಂಥವರನ್ನು ಮೊದಲು ಕೇಳಿ. ಹೊಸಬರು ತಾವಾಗಿ ಮುಂದೆ ಬಂದರೆ ಸಂತೋಷ. ಆದರೂ ಮೂರು ನಾಲ್ಕು ತಿಂಗಳು ಚಪ್ಪಲಿ ನೋಡಲಿ, ನೀರು ಕೊಡಲಿ. ಕುಣಿತ ಭಜನೆ ಕಲಿಸಲು ಬೇರೆ ಊರಿಂದ ಬರುವವರ ಬಗ್ಗೆ ಅವರು ಮೊದಲು ಕಲಿಸಿದ ಎರಡು ಮಂದಿರಕ್ಕಾದರೂ ಫೋನ್ ಮಾಡಿ ಕೇಳಿ. ಕೇರಳ ಪೊಲೀಸರ 'ತುಣ' ಪೋರ್ಟಲ್‌ನಲ್ಲಿ ಅಪರಾಧಗಳಲ್ಲಿ ಭಾಗಿಯಾಗಿಲ್ಲ ಎಂಬ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ನಾವು ಅದನ್ನು ಸಮಿತಿ ಅಧ್ಯಕ್ಷರಿಂದಲೇ ಶುರು ಮಾಡಿಸಿದೆವು. ಆಮೇಲೆ ಯಾರೂ ಮುಖ ಊದಿಸಲಿಲ್ಲ.

ಹಗಲಲ್ಲೇ ಒಂದು ಸುತ್ತು

ಭಜನೆ ಶುರುವಾಗುವ ಮೊದಲು, ಬೆಳಕು ಇರುವಾಗಲೇ, ಇಬ್ಬರು ಮಂದಿರದ ಸುತ್ತ ಒಂದು ಸಲ ನಡೆಯಿರಿ. ನಿಂತು ನೋಡಿದರೆ ಸಾಲದು, ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ನನಗೆ ಹೀಗೆ ಕೂತಾಗ ಕಂಡದ್ದು ಸೌಂಡ್‌ನವರ ಬಾಕ್ಸ್ ಹಿಂದೆ ಟೇಪು ಸುತ್ತದ ವೈರು. ನಿಂತರೆ ಅದು ಕಾಣುವುದೇ ಇಲ್ಲ.

ನಮ್ಮ ಕಡೆ ಮೊದಲ ಭಯ ನೀರಿನದ್ದು. ಬಾವಿಗೆ ಕಟ್ಟೆ ಇದ್ದರೆ ಸಾಕು ಅಂತ ಬಿಡಬೇಡಿ. ಕಟ್ಟೆಯ ಪಕ್ಕ ಒಂದು ಕೆಂಪುಕಲ್ಲು ಇಟ್ಟಿದ್ದರೆ ಐದು ವರ್ಷದ ಮಗುವಿಗೆ ಅದೇ ಮೆಟ್ಟಿಲು. ಆ ಕಲ್ಲನ್ನು ತೆಗೆದು ದೂರ ಹಾಕಿ, ಬಾವಿಯ ಮೇಲೆ ಕಬ್ಬಿಣದ ಬಲೆ ಹಾಕಿಸಿ. ಗುಡ್ಡೆಯ ಬದಿಯ ಮಂದಿರವಾದರೆ ಹಿಂದೆ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗ ಇರುತ್ತದೆ, ಅದರ ಬಾಯಿಯಲ್ಲಿ ನೀರು ನಿಲ್ಲುವ ಸಣ್ಣ ಟ್ಯಾಂಕಿ ಇರುತ್ತದೆ. ಮೊಣಕಾಲುದ್ದ ನೀರು, ಏನಾಗ್ತದೆ ಅನ್ನುತ್ತಾರೆ. ಸಣ್ಣ ಮಗು ಮುಳುಗಲು ಬಾಲ್ದಿ ನೀರು ಸಾಕು, ಅದೂ ಸದ್ದಿಲ್ಲದೆ. ಪಾತ್ರೆ ತೊಳೆಯಲು ತುಂಬಿಸಿಟ್ಟ ಡ್ರಮ್ಮಿಗೂ ಮುಚ್ಚಳ ಇರಲಿ. ಹತ್ತಿರದಲ್ಲಿ ಕಲ್ಲು ತೆಗೆದು ಬಿಟ್ಟ ಕೋರೆ ಇದ್ದರೆ ಆ ದಾರಿಗೆ ಹಗ್ಗ ಕಟ್ಟಿ, ಒಬ್ಬರನ್ನು ಕೂರಿಸಿ. ಮಳೆಗಾಲದಲ್ಲಿ ಕೋರೆ ನೀರಿನ ಆಳ ಊರವರಿಗೇ ಗೊತ್ತಿರುವುದಿಲ್ಲ.

ಎರಡನೆಯದು ಬೆಂಕಿ. ಅಡುಗೆಯ ಚಪ್ಪರಕ್ಕೆ ಬೆಂಚು ಅಡ್ಡ ಇಟ್ಟು ಗಡಿ ಮಾಡಿ. ಪಾಯಸದ ಕೊಪ್ಪರಿಗೆ ಒಲೆಯಿಂದ ಇಳಿಸಿ ನೆಲಕ್ಕೆ ಇಟ್ಟಾಗಲೇ ಜಾಸ್ತಿ ಅಪಾಯ, ಆಗ ಅದು ಮಗುವಿನ ಸೊಂಟದ ಎತ್ತರಕ್ಕೆ ಬರುತ್ತದೆ. ಕುಣಿತ ಭಜನೆಯಲ್ಲಿ ನಡುವೆ ಕಾಲುದೀಪ ಇಡುತ್ತೇವಲ್ಲ, ಅದರ ಸುತ್ತ ಮಕ್ಕಳು ಬಗ್ಗಿ ಕುಣಿಯುವಾಗ ಶಾಲಿನ ತುದಿ ಎಲ್ಲಿ ಹೋಗುತ್ತದೆ ನೋಡಿ. ಮಕ್ಕಳ ತಂಡಕ್ಕೆ ಶಾಲನ್ನು ಸೊಂಟಕ್ಕೆ ಬಿಗಿದು ತುದಿ ಒಳಗೆ ಸಿಕ್ಕಿಸಿ, ದೀಪವನ್ನು ಎತ್ತರದ ಪೀಠದ ಮೇಲೆ ಇಡಿ. ಮಂಗಳಾರತಿಗೆ ಎಲ್ಲರೂ ಒಮ್ಮೆಲೇ ಮುಂದೆ ನುಗ್ಗುತ್ತಾರೆ. ಮಕ್ಕಳ ಸಾಲು ಆಗ ಎದ್ದೇಳಬಾರದು. ಆರತಿ ತಟ್ಟೆ ಅವರ ಬಳಿಗೇ ಬರಲಿ, ದೊಡ್ಡವರೇ ಹಿಡಿದು ಬರಲಿ.

ಸಿಡಿಮದ್ದಿನ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಕೂಡಿಟ್ಟ ಸಿಡಿಮದ್ದಿಗೆ ಕಿಡಿ ತಾಗಿ ನೂರೈವತ್ತು ಜನ ಗಾಯಗೊಂಡರು, ಕೆಲವರು ಬದುಕಲಿಲ್ಲ. ಕೂಡಿಟ್ಟ ಜಾಗದ ಹತ್ತಿರವೇ ಜನ ನಿಂತಿದ್ದರು. ಮಕ್ಕಳು ಇರುವ ಅಂಗಳದಲ್ಲಿ ಸಿಡಿಮದ್ದು ಇಡುವುದಾದರೆ ಮಕ್ಕಳ ಜವಾಬ್ದಾರಿ ನಾವು ತೆಗೆದುಕೊಳ್ಳುವುದಿಲ್ಲ ಅಂತ ಸಮಿತಿಗೆ ಬರೆದು ಕೊಟ್ಟಿದ್ದೇವೆ.

ಇನ್ನುಳಿದದ್ದು ಬೇಗ ಹೇಳುತ್ತೇನೆ. ರಸ್ತೆಯ ಬದಿಯ ಗೇಟು ಹಾಕಿರಲಿ. ಐಸ್‌ಕ್ರೀಂ ಗಾಡಿ ಗೇಟಿನ ಒಳಗೆ ನಿಲ್ಲಲಿ, ರಸ್ತೆಯ ಆಚೆ ಬೇಡ. ಕಟ್ಟಿಗೆ ರಾಶಿ, ಒಣಗಿದ ಸೋಗೆ ಇರುವಲ್ಲಿ ಹಾವು ಇರುತ್ತದೆ, ಕಣ್ಣಾಮುಚ್ಚಾಲೆ ಆ ಕಡೆ ಇಲ್ಲ. ಕರೆಂಟು ಹೋದರೆ ಕೂಡಲೇ ಹೊತ್ತುವ ಎಮರ್ಜೆನ್ಸಿ ಲೈಟ್ ಮಕ್ಕಳ ಮೂಲೆಯಲ್ಲೇ ಇರಲಿ.

ಬರುವಾಗ ಚೀಟಿ, ಹೋಗುವಾಗ ಚೀಟಿ

ಒಂದು ನೋಟ್‌ಬುಕ್ಕು. ಮಗುವಿನ ಹೆಸರು, ಮನೆ ಹೆಸರು, ಬಿಟ್ಟು ಹೋದವರು ಯಾರು, ಅವರ ಫೋನ್, ಕರೆದುಕೊಂಡು ಹೋಗುವವರು ಯಾರು, ಅಲರ್ಜಿ ಅಥವಾ ಫಿಟ್ಸ್ ಇದೆಯಾ. ಇಷ್ಟು ಸಾಕು. ಮನೆಯಲ್ಲಿ ಮಾತಾಡುವ ಭಾಷೆಯನ್ನೂ ಬರೆಯಿರಿ. ಇದು ಕಾಸರಗೋಡಿನವರಿಗೆ ಮಾತ್ರ ಬರುವ ಬುದ್ಧಿ ಅನ್ನಿಸುತ್ತದೆ ನನಗೆ. ಒಮ್ಮೆ ಒಂದು ಹುಡುಗಿ 'ಅಪ್ಪೆ ಓಲು, ಅಪ್ಪೆ ಓಲು' ಅಂತ ಅಳುತ್ತಿದ್ದಳು. ಮಲಯಾಳದಲ್ಲಿ ಓದಿದ ನಮ್ಮ ಹುಡುಗ ಪಾಪ, ಕಾಲು ಗಂಟೆ ಅವಳ ಅಪ್ಪನನ್ನು ಹುಡುಕಿದ. ಅಪ್ಪ ಇದ್ದದ್ದು ದುಬೈಯಲ್ಲಿ. ಅವಳು ಕೇಳಿದ್ದು ತುಳುವಿನಲ್ಲಿ ಅಮ್ಮನನ್ನು. ಅಬ್ಬೆ ಅಂದರೆ ಹವ್ಯಕರ ಮನೆ, ಆಯಿ ಅಂದರೆ ಮರಾಠಿ ಮಾತಾಡುವವರ ಮನೆ. ಮೂರು ವರ್ಷದ ಮಗುವಿಗೆ ಅಮ್ಮನ ಹೆಸರು ಗೊತ್ತಿರುವುದಿಲ್ಲ, ಕರೆಯುವ ಶಬ್ದ ಮಾತ್ರ ಗೊತ್ತು.

ಚೀಟಿಗೆ ನಾವು ಹಳೆಯ ಸೀರೆಯ ಪಟ್ಟಿ ಹರಿದು ನಂಬರು ಬರೆದಿದ್ದೇವೆ. ಒಂದು ಮಗುವಿನ ಕೈಗೆ, ಅದೇ ನಂಬರಿನ ಇನ್ನೊಂದು ಬಿಟ್ಟು ಹೋದವರ ಕೈಗೆ. ಹೆಸರು ಬರೆದ ಬ್ಯಾಡ್ಜು ಬೇಡ. ಹೆಸರು ಓದಿ ಯಾರು ಬೇಕಾದರೂ 'ಬಾ ಪುಟ್ಟ' ಅಂತ ಕರೆಯಬಹುದು, ಹೆಸರು ಹಿಡಿದು ಕರೆದವರನ್ನು ಮಗು ನಂಬುತ್ತದೆ.

ಚೀಟಿ ಇಲ್ಲದೆ ಮಗುವನ್ನು ಕೊಡಬೇಡಿ. ಇಲ್ಲಿಯೇ ಜಗಳ ಆಗುವುದು. ಒಬ್ಬರು ಬಂದರು, ನನಗೆ ಚಿಕ್ಕಂದಿನಿಂದ ಗೊತ್ತಿದ್ದವರು.

'ಹುಡುಗನನ್ನು ಕಳಿಸಿ ಅಕ್ಕ, ಲೇಟಾಯ್ತು.'

'ಚೀಟಿ ಇದೆಯಾ ಅಣ್ಣ?'

'ಎಂಥ ಚೀಟಿ ಮಾರಾಯ್ರೆ! ನಾನು ಅವನ ಸೋದರಮಾವ ಅಲ್ವಾ? ನಿಮಗೆ ಗೊತ್ತಿಲ್ವಾ?'

'ಗೊತ್ತಿದೆ. ತಂಗಿಗೆ ಒಂದು ಫೋನ್ ಮಾಡಿ, ಅವಳು ಹೂಂ ಅಂದರೆ ಬರೆದುಕೊಂಡು ಕಳಿಸ್ತೇನೆ.'

ಅವರು ಫೋನ್ ಮಾಡಲಿಲ್ಲ. ಕೋಪದಲ್ಲಿ ಹೋಗಿ ತಂಗಿಯನ್ನೇ ಕರೆತಂದರು. ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಈಗ ಅವರೇ ಗೇಟಿನ ಹತ್ತಿರ ನಿಂತು ಉಳಿದವರಿಗೆ ಚೀಟಿ ಕೇಳುತ್ತಾರೆ. ನಿಯಮ ಗೊತ್ತಿದ್ದವರಿಗೂ ಒಂದೇ, ಗೊತ್ತಿಲ್ಲದವರಿಗೂ ಒಂದೇ. ಹಾಗಿದ್ದರೆ ಮಾತ್ರ ಅದು ಯಾರಿಗೂ ಅವಮಾನ ಆಗುವುದಿಲ್ಲ.

ಮಕ್ಕಳ ಜತೆ ಇರುವಾಗ

ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿ. ನಮ್ಮದು ಮಂದಿರದ ಬಲಬದಿಯ ಜಗಲಿ, ಒಳಗಿನಿಂದಲೂ ಅಂಗಳದಿಂದಲೂ ಕಾಣುತ್ತದೆ. ಕೋಣೆ ಇದ್ದರೆ ಬಾಗಿಲು ತೆರೆದೇ ಇರಲಿ. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು – ಈ ಮೂರು ಒಟ್ಟಿಗೆ ಬರಬಾರದು. ಇದು ಮಗುವಿಗೂ ರಕ್ಷಣೆ, ನಮಗೂ ರಕ್ಷಣೆ.

ಶೌಚಾಲಯಕ್ಕೆ ಹೋಗಬೇಕಾದರೆ ಮೊದಲು ಅಮ್ಮನಿಗೆ ಹೇಳಿ ಕಳಿಸಿ. ಆಗದಿದ್ದರೆ ಇಬ್ಬರು ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗಿ, ನೀವು ಹೊರಗೆ ನಿಲ್ಲಿ, ಉಳಿದವರ ಹತ್ತಿರ ಇನ್ನೊಬ್ಬರು ಇರಲಿ. ಬಟ್ಟೆ ಒದ್ದೆಯಾದರೆ ಬದಲಿಸುವುದು ಮನೆಯವರ ಕೆಲಸ. ಮಡಿಲಲ್ಲಿ ಕೂರಿಸಿಕೊಳ್ಳುವುದು, ಕೆನ್ನೆ ಹಿಂಡುವುದು, ಕಚಗುಳಿ ಇಡುವುದು ನಮ್ಮಲ್ಲಿ ಪ್ರೀತಿ. ಆದರೆ ಮಗು ಕೊಸರಿದರೆ ಕೂಡಲೇ ಬಿಡಿ. ಬೈಯುವುದು, ಕಿವಿ ಹಿಂಡುವುದು ಬೇಡವೇ ಬೇಡ. ಗಲಾಟೆ ಮಾಡುವ ಹುಡುಗನಿಗೆ ತಾಳ ಕೊಟ್ಟು ನೋಡಿ, ಒಂದು ಹಾಡಿನ ಮಟ್ಟಿಗಾದರೂ ಶಾಂತಿ.

ಪ್ರಸಾದದ ವಿಚಾರ ಸಣ್ಣದಲ್ಲ. ಕಡ್ಲೆ, ನೆಲಕಡಲೆ, ಪಂಚಕಜ್ಜಾಯದ ಕೊಬ್ಬರಿ ಚೂರು, ಇಡೀ ದ್ರಾಕ್ಷಿ ಇವೆಲ್ಲ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ಐದು ವರ್ಷದ ಒಳಗಿನವರಿಗೆ ನಾವು ಬಾಳೆಹಣ್ಣು, ನೆನೆಸಿದ ಅವಲಕ್ಕಿ ಕೊಡುತ್ತೇವೆ. ಕೂತು ತಿನ್ನಬೇಕು, ಓಡುತ್ತಾ ತಿನ್ನಬಾರದು. ಸಿಕ್ಕಿಕೊಂಡರೆ ಏನು ಮಾಡಬೇಕು? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲು, ಅಳಲು ಆಗದೆ ಬಾಯಿ ಬಿಡುತ್ತಿದ್ದರೆ ಮುಂದಕ್ಕೆ ಬಗ್ಗಿಸಿ, ಅಂಗೈಯ ಬುಡದಿಂದ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬಿನ ನಡುವೆ ಐದು ಸಲ ಬಲವಾಗಿ ಹೊಡೆಯಿರಿ. ಹೊರಗೆ ಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಗೆ–ಮೇಲಕ್ಕೆ ಐದು ಸಲ ಒತ್ತಿ. ಒಂದು ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ಹೊಡೆದ ಮೇಲೆ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಒತ್ತಬೇಕು. ಕಾಣದೆ ಇರುವ ವಸ್ತುವಿಗೆ ಬಾಯಿಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡುತ್ತಿರಬೇಕು. ಓದಿದರೆ ಇದು ಕೈಗೆ ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ಒಂದು ಭಾನುವಾರ ದಿಂಬಿನ ಮೇಲಾದರೂ ಮಾಡಿ ನೋಡಿ.

ಸುಟ್ಟರೆ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ. ಪೇಸ್ಟು, ತೆಂಗಿನೆಣ್ಣೆ, ಶಾಯಿ ಯಾವುದೂ ಬೇಡ. ಬಾವಿಗೆ ಬಿದ್ದರೆ ಈಜು ಬರುತ್ತದೆಂದು ಹಾರಬೇಡಿ. ಹಗ್ಗ ಇಳಿಸಿ, ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ.

ಫೋಟೊ ಬಗ್ಗೆ ಒಂದು ಮಾತು. ಕುಣಿತ ಭಜನೆಯ ಮಕ್ಕಳ ವೀಡಿಯೊ ಈಗ ಎಲ್ಲರ ಸ್ಟೇಟಸ್‌ನಲ್ಲಿ. ಇಡೀ ತಂಡದ್ದು ದೂರದಿಂದ, ಮನೆಯವರು ಒಪ್ಪಿದರೆ ಮಾತ್ರ ಹಾಕಿ. ಒಂದೊಂದೇ ಮಗುವಿನ ಮುಖ, ಜತೆಗೆ ಹೆಸರು, ಶಾಲೆ ಬೇಡ.

ಮಗು ಕಾಣದಿದ್ದರೆ

ಹುಡುಕುವ ಕ್ರಮ ಮೊದಲೇ ಗೊತ್ತಿರಬೇಕು. ಒಬ್ಬರು ಗೇಟು ಮುಚ್ಚಿ ಅಲ್ಲೇ ನಿಲ್ಲಿ. ಒಬ್ಬರು ಉಳಿದ ಮಕ್ಕಳ ಹತ್ತಿರ. ಹುಡುಕುವವರು ಮೊದಲು ನೀರಿಗೆ ಹೋಗಿ: ಬಾವಿ, ಕೆರೆ, ಟ್ಯಾಂಕಿ. ಆಮೇಲೆ ರಸ್ತೆ. ಕೊನೆಗೆ ಉಗ್ರಾಣ, ನಿಂತ ವಾಹನಗಳ ಒಳಗೆ, ಸ್ಟೇಜಿನ ಕೆಳಗೆ. ನಾವು ಅವತ್ತು ಉಲ್ಟಾ ಮಾಡಿದ್ದೆವು, ಉಗ್ರಾಣದ ಹೊರಗೆ ಎರಡು ಸಲ ಸುತ್ತಿ ಬಾವಿಯನ್ನು ಕೊನೆಗೆ ನೋಡಿದೆವು. ದೇವರು ದೊಡ್ಡವನು.

ಭಜನೆ ನಿಲ್ಲಿಸಲು ಹಿಂಜರಿಯಬೇಡಿ. ಏಕಾಹ ಮುರಿಯಬಾರದು ಅನ್ನುವವರಿಗೆ ಒಂದು ದಾರಿ ಇದೆ. ಇಬ್ಬರು ನಾಮ ಹೇಳುತ್ತಾ ಇರಲಿ, ಮೈಕ್ ನಮಗೆ ಕೊಡಲಿ. ಮೈಕ್‌ನಲ್ಲಿ ಹೇಳುವಾಗ ವ್ಯತ್ಯಾಸ ನೆನಪಿಡಿ. ಮಗು ಕಾಣೆಯಾಗಿದ್ದರೆ ಅಂಗಿಯ ಬಣ್ಣ, ವಯಸ್ಸು, ಎಲ್ಲ ವಿವರ ಹೇಳಿ. ಮಗು ಸಿಕ್ಕಿ ಮನೆಯವರು ಸಿಗದಿದ್ದರೆ ಮಾತ್ರ ಏನೂ ಹೇಳಬೇಡಿ, 'ಒಂದು ಮಗು ನಮ್ಮ ಹತ್ತಿರ ಇದೆ' ಅಂದರೆ ಸಾಕು. ಹೆಸರು, ಬಟ್ಟೆಯ ಗುರುತು ಬಂದವರೇ ಹೇಳಲಿ.

ಒಂದು ಸುತ್ತಿನಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕು ಎಂಬುದು ಬರೀ ಸುಳ್ಳು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಮಗು ಏನಾದರೂ ಹೇಳಿದರೆ

ಇದನ್ನು ಬರೆಯಲು ನನಗೂ ಕಷ್ಟ. ನಮ್ಮ ಊರಿನಲ್ಲಿ ಎಲ್ಲರೂ ಮಾವ, ಎಲ್ಲರೂ ಅಣ್ಣ. ಆದರೆ ಮಕ್ಕಳಿಗೆ ತೊಂದರೆ ಕೊಡುವವರು ಬಹುಪಾಲು ಗೊತ್ತಿದ್ದವರೇ ಆಗಿರುತ್ತಾರೆ.

ಮಗು ಬಂದು 'ಅವರು ಹಾಗೆ ಮುಟ್ಟಿದರು' ಅಂದರೆ ಕೇಳಿ, ಅಷ್ಟೇ. 'ಎಲ್ಲಿ, ಹೇಗೆ, ಎಷ್ಟು ಸಲ' ಅಂತ ಕೆದಕಬೇಡಿ. ಗಾಬರಿ ಮುಖ ಮಾಡಬೇಡಿ. 'ಯಾರಿಗೂ ಹೇಳೋದಿಲ್ಲ' ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. 'ನನಗೆ ಹೇಳಿದ್ದು ಒಳ್ಳೆಯದಾಯ್ತು, ನಿನ್ನದು ತಪ್ಪಿಲ್ಲ' ಅನ್ನಿ. ಆಮೇಲೆ ಮಗು ಹೇಳಿದ್ದನ್ನು ಅದೇ ಭಾಷೆಯಲ್ಲಿ, ಅದೇ ಶಬ್ದದಲ್ಲಿ ಬರೆದಿಡಿ. ತುಳುವಿನಲ್ಲಿ ಹೇಳಿದ್ದನ್ನು ಒಳ್ಳೆಯ ಕನ್ನಡಕ್ಕೆ ತಿದ್ದಬೇಡಿ.

ಮುಂದಿನದು ಪೊಲೀಸರಿಗೆ ತಿಳಿಸುವುದು, ಅಥವಾ ಮಕ್ಕಳ ಸಹಾಯವಾಣಿ 1098. ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಯಾರೇ ಆಗಲಿ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸಜೆ ಇದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಇಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಸಮಿತಿ ಕರೆದು, ಇಬ್ಬರನ್ನೂ ಕೂರಿಸಿ ಪಂಚಾತಿಕೆ ಮಾಡುವುದಂತೂ ಆಗಲೇಬಾರದು, ಮಂದಿರದ ಮರ್ಯಾದೆ ಅಂತ ಯಾರು ಎಷ್ಟೇ ಹೇಳಲಿ.

ನಮ್ಮ ಗಡಿಯ ತೊಂದರೆ ಇಲ್ಲೂ ಇದೆ. ಠಾಣೆಯಲ್ಲಿ ಮಲಯಾಳ, ಮಗುವಿಗೆ ತುಳುವೋ ಕನ್ನಡವೋ. ಮಗುವಿನ ಹೇಳಿಕೆ ಬರೆದುಕೊಳ್ಳಲು ಭಾಷಾಂತರ ಮಾಡುವವರ ಸಹಾಯ ಪಡೆಯಲು ಕಾಯ್ದೆಯಲ್ಲೇ ಅವಕಾಶ ಇದೆ, ಕೇಳಿ ಪಡೆಯಿರಿ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ತೆಗೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸುವಂತಿಲ್ಲ. ಮಗು ಯಾರದ್ದು ಎಂಬುದು ನಿಮ್ಮ ಬಾಯಿಂದ ಹೊರಗೆ ಬರಬಾರದು, ಮನೆಯಲ್ಲಿ ಕೂಡ.

ರಾತ್ರಿ, ಆಮೇಲೆ ಮುಗಿಸುವಾಗ

ಏಕಾಹದ ರಾತ್ರಿ ಒಂಬತ್ತರ ಮೇಲೆ ಮಕ್ಕಳು ಸಾಲಾಗಿ ಮಲಗುತ್ತಾರೆ. ಚಾಪೆ ಜಗಲಿಯಲ್ಲೇ ಇರಲಿ, ಮೇಲೆ ಒಂದು ಲೈಟ್ ಉರಿಯುತ್ತಿರಲಿ. ಸೊಳ್ಳೆ ಬತ್ತಿ ಕಾಲಿನ ಕಡೆಗೆ, ಕೈಗೆ ಎಟುಕದಷ್ಟು ದೂರ. ನೋಡುವವರು ಕುರ್ಚಿಯಲ್ಲಿ ಕೂರಬೇಕು, ಮಕ್ಕಳ ಪಕ್ಕ ಮಲಗಬಾರದು. ಗಂಟೆಗೊಮ್ಮೆ ತಲೆ ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಹೊದಿಕೆಯ ಉಬ್ಬು ಎಣಿಸಬೇಡಿ. ನಾನು ಒಮ್ಮೆ ಎಣಿಸಿದ ಹನ್ನೊಂದನೇ 'ಮಗು' ಒಂದು ಮಡಚಿದ ಜಮಖಾನ.

ಬೆಳಗ್ಗೆ ಮಂಗಳಾರತಿ ಆದ ಕೂಡಲೇ ಎಲ್ಲರೂ ಒಮ್ಮೆಲೇ ಬರುತ್ತಾರೆ. ಆಗ ಒಬ್ಬರು ಚೀಟಿ ನೋಡುವುದು, ಒಬ್ಬರು ಮಗುವನ್ನು ಕರೆತರುವುದು, ಒಬ್ಬರು ಪುಸ್ತಕದಲ್ಲಿ ಗೀಟು ಹಾಕುವುದು. ಯಾವಾಗಲೂ ಒಂದೆರಡು ಮಕ್ಕಳು ಉಳಿಯುತ್ತಾರೆ. ಹೆಚ್ಚಾಗಿ ಅವರ ಅಮ್ಮಂದಿರು ಹಿಂದೆ ಪಾತ್ರೆ ತೊಳೆಯುತ್ತಿರುತ್ತಾರೆ. ಆ ಕೊನೆಯ ಮಗು ಹೋಗುವವರೆಗೆ ಇಬ್ಬರೂ ಇರಬೇಕು, 'ನೀನು ನೋಡ್ತಾ ಇರು, ನನಗೆ ಬಸ್ಸು ಬಂತು' ಅನ್ನಬಾರದು. ಪುಸ್ತಕದಲ್ಲಿ ಎಲ್ಲ ಸಾಲಿಗೂ ಗೀಟು ಬಿದ್ದ ಮೇಲೆ ಪಟ್ಟಿಗಳನ್ನು ಎಣಿಸಿ ಡಬ್ಬಕ್ಕೆ ಹಾಕಿ. ಒಂದು ಕಡಿಮೆ ಇದ್ದರೆ ಮನೆಗೆ ಹೋಗುವ ಮೊದಲು ಆ ನಂಬರಿನ ಮನೆಗೆ ಫೋನ್ ಮಾಡಿ. ಹತ್ತರಲ್ಲಿ ಒಂಬತ್ತು ಸಲ ಅದು ಯಾವುದೋ ಅಂಗಿಯ ಜೇಬಿನಲ್ಲಿ ಇರುತ್ತದೆ, ಮುಂದಿನ ಶನಿವಾರ ಒಗೆದು ಇಸ್ತ್ರಿ ಹಾಕಿದ ಹಾಗೆ ವಾಪಸು ಬರುತ್ತದೆ.